ಹಂಡೆಯ ಕಂಠದೊಳಗಿನ ಕೆಂಪು

ಮೊದಲು ಕಂಡಾಗ ಅದು ಕಬ್ಬಿಣದ ಹಂಡೆ ಎಂದೇ ತಿಳಿದೆ. ವಿಜಾಪುರದ ನಮ್ಮ ಅಂಗಡಿಯ ಮುಂದೆ ಬಂಡಿ ನಿಲ್ಲಿಸಿ ಇಬ್ಬರು ಆಳುಗಳು ಅದನ್ನು ಇಳಿಸಿದರು. ಮೈಯೆಲ್ಲ ಕಪ್ಪು. ಬೆರಳಗಂಟಿನಿಂದ ಬಡಿದು ನೋಡಿದೆ. ಕಬ್ಬಿಣದ ದನಿ ಬರಲಿಲ್ಲ. ತಾಮ್ರದ ದನಿಯೂ ಪೂರ್ತಿ ಬರಲಿಲ್ಲ, ಕಂಬಳಿ ಹೊದ್ದವನು ಒಳಗಿನಿಂದ ಮಾತಾಡಿದ ಹಾಗಿತ್ತು. ನನ್ನ ತಮ್ಮ ಉಳಿಯ ತುದಿಯಿಂದ ಹಂಡೆಯ ತಳದಲ್ಲಿ ಒಂದು ಜೋಳದ ಕಾಳಿನಷ್ಟು ಕೆರೆದ. ಕಪ್ಪಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ತಾಮ್ರ.

"ಇದೇನ್ರಿ ಗೌಡ್ರ, ತಾಮ್ರಕ್ಕ ಬುರಕಾ ಹಾಕೀರಿ?" ಎಂದು ತಮ್ಮ ಕೇಳಿದ.

ಹಂಡೆಯ ಸಂಗಡ ಬಂದಿದ್ದ ಗೌಡರು ನಕ್ಕರು. "ಯುದ್ಧದಾಗ ಹಾಕಿದ್ದೋ ಮಾರಾಯ. ಸರಕಾರದವ್ರು ಊರೂರು ತಿರುಗಿ ತಾಮ್ರ ತುಂಬ್ಕೊಂಡು ಹೋಗಿ ಕಾಡತೂಸ ಮಾಡ್ತಾರಂತ ಸುದ್ದಿ ಬಂತು. ದೈವದ ಹಂಡೇವು, ಹೋದ್ರ ಊರಿಗೆ ಮಾರಿ ಹೆಂಗ ತೋರಸೂದು? ಒಳಗ ಹೊರಗ ಬಣ್ಣಾ ಬಳದು, ಕಬ್ಬಿಣ ಕಂಡಂಗ ಮಾಡಿ, ಕೊಟಗ್ಯಾಗ ಬೋರಲ ಹಾಕಿ ಮ್ಯಾಲ ಜೋಳದ ಕಣಕಿ ಒಟ್ಟಿದ್ವಿ."

"ಬಂದ್ರೇನ್ರಿ ಸರಕಾರದವ್ರು?"

"ಒಂದು ನರಪಿಳ್ಳಿ ಬರಲಿಲ್ಲ."

ದೈವದ ಹಂಡೆ ಎಂದರೆ ಊರವರೆಲ್ಲರಿಗೂ ಸೇರಿದ್ದು. ಯಾರ ಮನೆಯಲ್ಲಿ ಮದುವೆಯಾದರೂ ಅಡುಗೆಗೆ ಅವೇ ಹೋಗುತ್ತವೆ. ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವಾಗ ಸಿಗುವ ಆ ಹಳ್ಳಿಯಲ್ಲಿ ಅಂಥವು ಐದು ಇದ್ದವು. ಯುದ್ಧ ಮುಗಿದ ಮರುವರ್ಷದ ಮಾತು ಇದು. ಬಸವಜಯಂತಿಯ ನಂತರ ಗೌಡರ ಮಗಳ ಮದುವೆ ಗೊತ್ತಾಗಿತ್ತು. ಸುತ್ತಲಿನ ಏಳು ಊರಿನ ಜನ ಈ ಐದು ಹಂಡೆಯ ಅಡುಗೆ ಉಣ್ಣುವವರಿದ್ದರು. ಅಷ್ಟರೊಳಗೆ ಬಣ್ಣ ತೆಗೆದು, ಒಳಗೆ ಹೊಸ ಕಲಾಯಿ ಹಾಕಿ ಕೊಡಬೇಕು. ಆಗ ಶಿವರಾತ್ರಿ ಮುಗಿದಿತ್ತಷ್ಟೇ. ದಿನ ಸಾಕು ಎಂದು ನಾನೇ ಒಪ್ಪಿದೆ.

ಉಳಿದ ನಾಲ್ಕು ಇದಕ್ಕಿಂತ ದೊಡ್ಡವು, ಪೇಟೆಗೆ ತರುವುದು ಕಷ್ಟ. ಆದ್ದರಿಂದ ಆ ಹಂಡೆಯನ್ನು ಬಂಡಿಗೆ ಮರಳಿ ಹೇರಿ, ನಾವೇ ಸಾಮಾನು ಕಟ್ಟಿಕೊಂಡು ಹಳ್ಳಿಗೆ ಹೋದೆವು. ಊರ ಹೊರಗೆ, ಬಂಡಿ ಮಾಡುವ ಬಡಿಗೇರ ಅಜ್ಜನ ಚಪ್ಪರದ ಪಕ್ಕ, ಬೇವಿನ ನೆರಳಲ್ಲಿ ಒಲೆ ತೋಡಿದೆವು.

ನಾನು ಬಡಿಯುವವನು, ಕಲಾಯಿ ಹಾಕುವವನು. ನನಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಪಾತ್ರೆಗಳ ಮೇಲೆ ಹೆಸರು ಕೊರೆಯುವವನು. ಪೇಟೆಯಲ್ಲಿ ಅವನ ಅಕ್ಷರಕ್ಕಾಗಿ ಜನ ಕಾಯುತ್ತಿದ್ದರು. ಈ ಹಂಡೆಗಳ ಕಂಠದ ಮೇಲೂ, ಎಂದರೆ ಬಾಯಿಯ ಸುತ್ತಲಿನ ಮಡಿಸಿದ ಅಂಚಿನ ಮೇಲೆ, ಕೊಟ್ಟವರ ಹೆಸರುಗಳಿದ್ದವು. ಬಣ್ಣದ ಅಡಿಯಲ್ಲಿ ಬೆರಳಿಗೆ ತಗುಲುತ್ತಿದ್ದವು, ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದು ಗೌಡರ ತಂದೆಯ ಹೆಸರು. ಅಕ್ಷರ ಕೆಡದಂತೆ ಹೆರೆಯಲು ಹಗುರ ಕೈ ಬೇಕು, ಆ ಕೆಲಸ ತಮ್ಮನಿಗೆ ಬಿಟ್ಟೆ. ಬಿಟ್ಟವನು ನಾನು. ಅವನು ತಾನಾಗಿ ಕೇಳಿದ್ದಲ್ಲ.

ನಮ್ಮ ಕಸುಬಿನಲ್ಲಿ ತಾಮ್ರಕ್ಕೆ ಏನು ಅಂಟಿದರೂ ಬೆಂಕಿಗೆ ಹಿಡಿಯುವುದು ರೂಢಿ. ಹಳೆ ಕಲಾಯಿ, ರಾಳ, ಮಸಿ, ಜಿಡ್ಡು, ಎಲ್ಲಕ್ಕೂ ಬೆಂಕಿಯೇ. ಬಣ್ಣಕ್ಕೂ ಅದೇ ಸಾಕು ಎಂದುಕೊಂಡೆ. ಜಾಲಿಯ ಇದ್ದಿಲು ಹಾಕಿ, ತಿದಿ ಒತ್ತಿ, ಹಂಡೆಯನ್ನು ಒರಗಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕಾಯಿಸಿದೆವು. ಬಣ್ಣ ಮೊದಲು ಬೆವರಿತು, ಆಮೇಲೆ ಗುಳ್ಳೆ ಎದ್ದಿತು. ಗುಳ್ಳೆ ಎದ್ದ ಜಾಗವನ್ನು ಅದು ಆರುವ ಮೊದಲೇ ಹೆರೆಯಬೇಕು, ಆರಿದರೆ ಇನ್ನೂ ಗಟ್ಟಿ ಹಿಡಿಯುತ್ತದೆ. ಹಾಗಾಗಿ ತಮ್ಮ ಮುಖವನ್ನು ಹಂಡೆಗೆ ಹತ್ತಿರ ಒಯ್ದು ಕೂರುತ್ತಿದ್ದ. ಒಳಮೈ ಹೆರೆಯುವಾಗ ಭುಜದವರೆಗೆ ಹಂಡೆಯೊಳಗೇ ಇರುತ್ತಿದ್ದ. ಹೊಗೆ ಹಳದಿ ಬಿಳುಪು. ನಾಲಿಗೆಯ ಮೇಲೆ ಸಣ್ಣಗೆ ಸಿಹಿ ಕೂರುತ್ತಿತ್ತು.

"ಯಣ್ಣಾ, ಮದುವಿ ಊಟ ಈಗಿಂದನ ಚಾಲೂ ಆತು ನೋಡು, ಬಾಯಿ ಸೀ ಆಗೇದ," ಎಂದ.

ನಾನು ನಕ್ಕೆ. ನನ್ನ ಬಾಯಿಯೂ ಸಿಹಿಯಾಗಿತ್ತು.

ಎರಡು ವಾರದಲ್ಲಿ ಎರಡು ಹಂಡೆ ಮುಗಿದವು. ಬೂದಿ ತೆಗೆಯುವಾಗ ಅದರಲ್ಲಿ ಸಾಸಿವೆಯಷ್ಟು ದೊಡ್ಡ ಬೂದುಬಣ್ಣದ ಮಣಿಗಳು ಸಿಕ್ಕವು. ಹಳೆ ಕಲಾಯಿಯ ತವರ ಕರಗಿ ಬಿದ್ದಿದೆ ಎಂದುಕೊಂಡು ಒಂದು ಡಬ್ಬಿಯಲ್ಲಿ ಕೂಡಿಟ್ಟೆ. ತವರ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ.

ಮೂರನೆಯ ಹಂಡೆ ಒಲೆಗೆ ಏರಿದಾಗ ತಮ್ಮನಿಗೆ ಹೊಟ್ಟೆ ಹಿಂಡತೊಡಗಿತು. ನಡು ಹಿಡಿದು ಕೂತುಬಿಡುತ್ತಿದ್ದ. ಊಟ ಸೇರುತ್ತಿರಲಿಲ್ಲ, ನಾಲ್ಕು ದಿನ ಹೊರಕಡೆಗೂ ಹೋಗಿರಲಿಲ್ಲ. ಹಳ್ಳಿಯ ಖಾರ ಹೆಚ್ಚಾಗಿದೆ ಎಂದು ನಾನು ಅಂದೆ. ಗೌಡರ ಮನೆಯಿಂದ ಓಮಿನ ನೀರು ಬಂತು. ಕುಡಿದು ಮತ್ತೆ ಕೆಲಸಕ್ಕೆ ಕೂತ. ಮುಂದಿನ ಹತ್ತು ದಿನ ಹಾಗೆಯೇ, ಬಿಟ್ಟು ಬಿಟ್ಟು ನೋವು, ನಡುವೆ ಕೆಲಸ. ತಮಾಷೆಯ ಮಾತು ಕಡಿಮೆಯಾಯಿತು. ಅದನ್ನು ನಾನು ಗಮನಿಸಿದೆ. ಗಮನಿಸಿಯೂ ತಿದಿ ಒತ್ತಿದೆ.

ಒಂದು ಬೆಳಿಗ್ಗೆ ಅವನ ಕೈಯಿಂದ ಉಳಿ ಜಾರಿತು. ಎತ್ತಿಕೊಂಡ, ಮತ್ತೆ ಜಾರಿತು. ಮೂರನೆಯ ಸಲ ಎತ್ತಿಕೊಳ್ಳಲು ಹೋಗಲಿಲ್ಲ. ಬಲತೋಳನ್ನು ಮುಂದಕ್ಕೆ ಚಾಚಿ ನೋಡಿಕೊಂಡ. ತೋಳು ನೆಟ್ಟಗಿತ್ತು. ಮಣಿಕಟ್ಟಿನಿಂದ ಮುಂದೆ ಕೈ ಒದ್ದೆ ಬಟ್ಟೆಯಂತೆ ಕೆಳಗೆ ಜೋತಿತ್ತು.

"ಮ್ಯಾಲ ಎತ್ತೋ," ಎಂದೆ.

"ಎತ್ತಾಕತ್ತೇನಿ ಯಣ್ಣಾ. ಇದ ಎತ್ತಾಕತ್ತಿದ್ದು."

ಚಪ್ಪರದ ಕಟ್ಟೆಯ ಮೇಲಿದ್ದ ಬಡಿಗೇರ ಅಜ್ಜ ಇದನ್ನು ನೋಡುತ್ತಿದ್ದ. ಇಷ್ಟು ದಿನ ಅವನು ಅಂಗಿಯ ಮೇಲೆ ಟವೆಲು ಹೊದ್ದು, ಬಲಗೈ ಒಳಗಿಟ್ಟುಕೊಂಡೇ ಕೂರುತ್ತಿದ್ದ. ಮುದುಕರಿಗೆ ಚಳಿ ಎಂದು ನಾನು ತಿಳಿದಿದ್ದೆ. ಈಗ ಎದ್ದು ಬಂದು ಟವೆಲು ಸರಿಸಿದ. ಅವನ ಕೈಯೂ ಹಾಗೆಯೇ ಜೋತಿತ್ತು.

"ಲೇ ತಮ್ಮಾ, ಇದು ನನ್ನ ಕೈ ಆತಲ್ಲೋ," ಎಂದ.

"ನಿನಗ ಯಾವಾಗ ಆತು ಯಜ್ಜಾ?" ನಾನು ಕೇಳಿದೆ.

"ಈ ಹಂಡೇಕ ಬಣ್ಣಾ ಹಚ್ಚಿದ ವರ್ಷ. ಗಾಳಿ ಬಡದದ ಅಂದ್ರು, ತಾಯತ ಕಟ್ಟಿದ್ರು. ತಾಯತ ಉದುರಿ ಬಿತ್ತು, ಕೈ ಏಳಲಿಲ್ಲ."

"ಬಣ್ಣದಾಗ ಏನೇನ ಹಾಕಿದ್ದಿ?"

"ಮ್ಯಾಲ ಕಾಡಿಗಿ. ಬರೇ ಕಾಡಿಗಿ ತಾಮ್ರಕ್ಕ ಹಿಡೀಲಿಲ್ಲ, ಜಾರಿ ಬರ್ತಿತ್ತು. ಅದಕ ಗಾಲಿಗೆ ಹಚ್ಚೂ ಸಿಂಧೂರ ಅಗಸಿ ಎಣ್ಣ್ಯಾಗ ಅರದು ಕೆಳಗ ಬಳದೆ. ಹಂಡಿ ಸಣ್ಣಗ ಕಾಸಿ ಬಳದೆ, ಸಂದಿ ಸಂದಿಗೂ ಇಳೀಲಿ ಅಂತ. ಕುಂಚ ಇಲ್ಲ ಬಿಡು, ಅಂಗೈಲೇ ತಿಕ್ಕಿದೆ. ಅಂಗೈಲೇ ತಿಕ್ಕಿದ್ರನ ಬಣ್ಣಾ ಕೂಡ್ತದ. ನಲವತ್ತ ವರ್ಷ ಗಾಲಿಗೂ ಹಂಗ ತಿಕ್ಕೇನಿ."

ನಾನು ಡಬ್ಬಿ ತಂದು ಒಂದು ಮಣಿಯನ್ನು ಉಗುರಿನಿಂದ ಒತ್ತಿದೆ. ಉಗುರಿನ ಗುರುತು ಬಿತ್ತು. ಚಪ್ಪಟೆ ಕಲ್ಲಿನ ಮೇಲೆ ಎಳೆದೆ. ಸೀಸದ ಕಡ್ಡಿ ಎಳೆದಂತೆ ಕಪ್ಪು ಗೆರೆ ಮೂಡಿತು. ತವರ ಹಾಗೆ ಬರೆಯುವುದಿಲ್ಲ. ಸಿಂಧೂರವನ್ನು ಇದ್ದಿಲ ಮೇಲೆ ಸುಟ್ಟರೆ ಸೀಸ ಹೊರಬರುತ್ತದೆ ಎಂಬುದು ನನಗೆ ತಿಳಿಯದ ಮಾತಲ್ಲ. ನಮ್ಮ ಕಸುಬಿನವರಿಗೆ ತಿಳಿದೇ ಇರುತ್ತದೆ. ಅದು ನನಗೆ ಆ ಬೆಳಿಗ್ಗೆಯವರೆಗೆ ನೆನಪಾಗಲಿಲ್ಲ, ಅಷ್ಟೆ.

ಒಲೆಗೆ ನೀರು ಸುರಿದು ತಮ್ಮನನ್ನು ವಿಜಾಪುರಕ್ಕೆ ಕರೆತಂದೆ. ಡಾಕ್ಟರು ಅವನ ತುಟಿ ಎತ್ತಿ ಒಸಡು ನೋಡಿದರು. ಹಲ್ಲಿನ ಬುಡದುದ್ದಕ್ಕೂ ನೀಲಿ ಗೆರೆ. ಆಮೇಲೆ ನನ್ನದನ್ನೂ ಎತ್ತಿ ನೋಡಿದರು. ನನಗೂ ಇತ್ತು, ಸ್ವಲ್ಪ ತೆಳ್ಳಗೆ. ಕಸುಬಿನಲ್ಲಿ ವರ್ಷಗಟ್ಟಲೆ ಕೂಡಿದ್ದ ಸೀಸಕ್ಕೆ ಈ ಒಂದು ತಿಂಗಳ ಹೊಗೆ ಸೇರಿ ತುಂಬಿಬಂದಿದೆ ಎಂದು ಅವರು ತಿಳಿಸಿ ಹೇಳಿದರು.

"ಕೈ ಬರ್ತದೇನ್ರಿ?" ತಮ್ಮ ಕೇಳಿದ.

"ಬರಬಹುದು. ಯಾವಾಗ ಅಂತ ನಾ ಹೇಳಲಾರೆ." ಆಮೇಲೆ ನನ್ನ ಕಡೆ ತಿರುಗಿದರು. "ಆ ಹಂಡ್ಯಾಗ ಏನು ಮಾಡ್ತಾರ?"

"ಮದುವಿ ಅಡಗೀರಿ."

ಬರೆಯುತ್ತಿದ್ದ ಡಾಕ್ಟರು ಲೇಖನಿ ಕೆಳಗಿಟ್ಟರು. "ಹಂಗಾದ್ರ ಆ ಬಣ್ಣ ಒಂದು ಚೂರೂ ಉಳೀಬಾರ್ದು. ಹುಳಿ ಕುದಿಸಿದ್ರ ಸೀಸ ಅದರಾಗ ಇಳೀತದ. ನಿಮ್ಮ ಮಾತಿನ ಮ್ಯಾಲ ಮಂದಿ ಉಣ್ಣತದ."

ತಮ್ಮನನ್ನು ಮನೆಯಲ್ಲಿ ಬಿಟ್ಟು ಒಬ್ಬನೇ ಹಳ್ಳಿಗೆ ಮರಳಿದೆ. ಇನ್ನು ಬೆಂಕಿ ಬೇಡ ಎಂದು ತೀರ್ಮಾನಿಸಿದ್ದೆ. ಅಗಸೆ ಎಣ್ಣೆಯ ಬಣ್ಣ ಎಂದರೆ ಮೂಲದಲ್ಲಿ ಎಣ್ಣೆ. ಎಣ್ಣೆಯನ್ನು ತಿನ್ನುವುದು ಕ್ಷಾರ. ಬಟ್ಟೆ ಒಗೆಯುವವರು ಬಳಸುವ ಸವಳು ಮಣ್ಣನ್ನು ಹಳ್ಳದ ದಂಡೆಯಿಂದ ತರಿಸಿದೆ, ಬಬಲೇಶ್ವರದ ಸಂತೆಯಿಂದ ಸುಡುಸುಣ್ಣ ತಂದೆ. ಸವಳನ್ನು ನೀರಲ್ಲಿ ಕದಡಿ ತಿಳಿ ಬಸಿದು, ಆ ತಿಳಿಯಲ್ಲಿ ಸುಣ್ಣ ಅರಳಿಸಿ, ಮೊಸರಿನಷ್ಟು ಗಟ್ಟಿ ಮಾಡಿ ಹಂಡೆಗೆ ಮೆತ್ತಿದೆ.

ಮೊದಲ ಸಲ ಕೆಟ್ಟಿತು. ಬಯಲ ಗಾಳಿಗೆ ಮಧ್ಯಾಹ್ನದೊಳಗೇ ಮೆತ್ತಿದ್ದೆಲ್ಲ ಒಣಗಿ ಗಾರೆಯಾಯಿತು. ಕೆತ್ತಿ ತೆಗೆದರೆ ಕೆಳಗೆ ಬಣ್ಣ ಇದ್ದಂತೆಯೇ ಇತ್ತು. ಎರಡನೆಯ ಸಲ ಮೆತ್ತಿದ ಮೇಲೆ ಗೋಣಿ ಹೊದಿಸಿ, ಆ ಗೋಣಿ ಒಣಗಲು ಬಿಡದೆ ತಾಸಿಗೊಮ್ಮೆ ನೀರು ಚಿಮುಕಿಸಿದೆ. ಮರುದಿನ ಗೋಣಿ ಎತ್ತಿದಾಗ ಕಪ್ಪು ಬಣ್ಣ ಗೋಣಿಗೇ ಅಂಟಿ ಬಂತು, ಕೆಂಪು ಕೆನೆಯಂತೆ ಮೆತ್ತಗಾಗಿತ್ತು. ಮರದ ಪಟ್ಟಿಯಿಂದ ಬಳಿದು ತೆಗೆದೆ, ಮತ್ತೆ ಮೆತ್ತಿದೆ. ಒಂದೊಂದು ಹಂಡೆಗೂ ಮೂರು ಸಲ ಬೇಕಾಯಿತು. ಬೆಂಕಿಯಲ್ಲಿ ತೆಗೆದಿದ್ದ ಎರಡಕ್ಕೂ ಮತ್ತೆ ಮೆತ್ತಿದೆ. ಕಣ್ಣಿಗೆ ಶುದ್ಧ ಕಂಡಿದ್ದ ಅವುಗಳಿಂದಲೂ ಗೋಣಿಗೆ ಕೆಂಪು ಹತ್ತಿತು.

ಕಲಾಯಿಗೆ ಮೊದಲು ಪಾತ್ರೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ನಿಂತು, ನಡು ತಿರುಗಿಸುತ್ತ ತಿಕ್ಕುವುದು ನಮ್ಮ ಪದ್ಧತಿ. ನಾನು ಒಳಗೆ ಇಳಿಯಲಿಲ್ಲ. ಕೈಗೆ ಎಣ್ಣೆ ಹಚ್ಚಿದ ತೊಗಲು ಸುತ್ತಿಕೊಂಡು, ಕೋಲಿಗೆ ತೆಂಗಿನ ನಾರು ಕಟ್ಟಿ ಹೊರಗಿನಿಂದಲೇ ತಿಕ್ಕಿದೆ.

ಗೌಡರು ಬಂದು ನೋಡಿದರು. "ಕಾಲಿಲೇ ತಿಕ್ಕದ ಕಲಾಯಿಗಾರನ್ನ ಇವತ್ತ ನೋಡಿದೆ. ಬೀಗರ ಮನಿಗೆ ಬಂದಂಗ ನಿಂತೀಯಲ್ಲೋ."

"ಕಾಲು ನನಗ ಬೇಕ್ರೀ ಗೌಡ್ರ."

ತೊಳೆದ ನೀರು, ಬಳಿದು ತೆಗೆದ ಬಣ್ಣ, ಹಳೆಯ ಬೂದಿ ಎಲ್ಲವನ್ನೂ ಬಾವಿಯಿಂದ ದೂರ ಆಳದ ತಗ್ಗು ತೋಡಿ ಅದಕ್ಕೇ ಸುರಿದು, ಆಡು ಕುರಿ ಬಂದು ನೆಕ್ಕದಂತೆ ಸುತ್ತ ಜಾಲಿಮುಳ್ಳು ಹಾಕಿದೆ. ಆಮೇಲೆ ಹುಣಸೆ ನೀರಿನಿಂದ ತೊಳೆದಾಗ ತಾಮ್ರದ ಬಣ್ಣ ಬಂತು. ಹೆಸರುಗಳೂ ಓದಲು ಬಂದವು. ಗೌಡರು ತಂದೆಯ ಹೆಸರಿನ ಮೇಲೆ ಬೆರಳಾಡಿಸಿ ಹೋದರು. ಐದಕ್ಕೂ ತವರ ಹಿಡಿಯಲೆಂದು ನವಸಾಗರದ ಪುಡಿ ತೂರಿ ಕಲಾಯಿ ಎಳೆದೆ. ಮದುವೆಗೆ ಇನ್ನೂ ಒಂಬತ್ತು ದಿನ ಇತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಬರೆಯಬೇಕು. ಕಲಾಯಿಗೆ ಕಾಯಿಸುವಾಗ ಮೂರನೆಯ ಹಂಡೆಯ ಕಂಠದ ಮಡಿಕೆಯಿಂದ ಎಳೆಯಷ್ಟು ಕೆಂಪು ಒಸರಿತ್ತು. ಹಂಡೆಯ ಕಂಠದಲ್ಲಿ ತಗಡನ್ನು ಕಬ್ಬಿಣದ ಬಳೆಯೊಂದರ ಮೇಲೆ ಮಡಿಸಿರುತ್ತಾರೆ. ಬಳೆಯ ತುಕ್ಕು ಇರಬೇಕು ಎಂದು ಅರಳೆಯಿಂದ ಒರೆಸಿದೆ. ಮತ್ತೆ ಒಸರಿತು. ಮತ್ತೆ ಒರೆಸಿದೆ. ತುಕ್ಕು ಎಂದು ನನಗೆ ನಾನೇ ಎರಡು ಸಲ ಹೇಳಿಕೊಂಡೆ. ತುಕ್ಕಿನ ಕೆಂಪು ಬೇರೆ, ಸಿಂಧೂರದ ಕೆಂಪು ಬೇರೆ. ಬಣ್ಣ ಸಂದಿಗೆ ಇಳಿಯಲಿ ಎಂದು ಹಂಡೆ ಕಾಯಿಸಿದ್ದಾಗಿ ಅಜ್ಜ ಅಂದದ್ದನ್ನೂ ಕೇಳಿದ್ದೆ.

ಹೊಸ ಕಲಾಯಿಯ ಹಂಡೆಯಲ್ಲಿ ಹುಣಸೆ ನೀರು ಕಂಠದವರೆಗೆ ಕುದಿಸಿ, ಅದನ್ನು ಮೊದಲು ಕಲಾಯಿಗಾರನೇ ಕುಡಿಯಬೇಕು. ಅವನು ಕುಡಿದ ಮೇಲೆಯೇ ಊರವರು ಹಂಡೆ ಮುಟ್ಟುತ್ತಾರೆ. ನಮ್ಮ ಕಡೆ ಇದನ್ನು ಮೊದಲ ನೀರು ಎನ್ನುತ್ತೇವೆ. ಮರುದಿನ ದೈವದವರು, ಎಂದರೆ ಊರ ಹಿರಿಯರು, ಬಂದು ಕೂತರು. ನೀರು ಕುದಿಯಿತು. ಗೌಡರೇ ತಂಬಿಗೆಯಲ್ಲಿ ತೋಡಿ, ಆರಿಸಿ, ನನ್ನ ಕೈಗೆ ಕೊಟ್ಟರು.

ತಂಬಿಗೆಯ ಅಂಚಿನ ಒಳಗೆ, ನೀರಿನ ಮೇಲೆ, ಎಳ್ಳಿನಷ್ಟು ಸಣ್ಣ ಎರಡು ಕೆಂಪು ಚೂರು ತೇಲುತ್ತಿದ್ದವು. ಕುಡಿದರೆ ಆ ಕ್ಷಣಕ್ಕೆ ನನಗೆ ಏನೂ ಆಗುತ್ತಿರಲಿಲ್ಲ. ಒಂದು ಗುಟುಕು. ಕುಡಿದು, ಸಾಮಾನು ಕಟ್ಟಿಕೊಂಡು, ಸಂಜೆಗೆ ತಿಕೋಟಾ ಸೇರಬಹುದಿತ್ತು. ನಾನು ತಂಬಿಗೆಯನ್ನು ಬಾಯಿಯವರೆಗೆ ಒಯ್ದದ್ದು ನಿಜ. ಆಮೇಲೆ ನೆಲಕ್ಕೆ ಸುರಿದೆ.

"ಯಾಕೋ?" ಎಂದರು ಗೌಡರು.

"ಕಂಠದಾಗ ಬಣ್ಣಾ ಉಳದದ್ರಿ. ಒಳಗ ಕುಂತದ, ಹೊರಗಿಂದ ಬರಂಗಿಲ್ಲ. ಹುಗ್ಗಿ ಉಕ್ಕಿದ್ರ, ಸಾರು ಕುದ್ರ ಅದರಾಗ ಇಳೀತದ. ಐದೂ ಹಂಡೆ ಕಂಠ ಕತ್ತರಸಬೇಕು."

"ಹೆಸರು?"

"ಹೆಸರೂ ಹೋಗ್ತಾವ್ರಿ."

ಹಿಂದಿನಿಂದ ಯಾರೋ, "ಪ್ಯಾಟಿ ಕಲಾಯಿಗಾರ, ಹುಣಸಿ ನೀರಿಗೆ ಅಂಜಿದ," ಎಂದು ನಕ್ಕರು. ಗೌಡರ ಮುಖ ಕಪ್ಪಿಟ್ಟಿತು.

"ಎಂಟ ದಿನಾ ಉಳದಾವ. ಸರಕಾರಕ್ಕ ಕೊಡಬಾರ್ದಂತ ಮುಚ್ಚಿಟ್ಟ ಹೆಸರು ನಿನ್ನ ಕತ್ರಿಗೆ ಕೊಡ್ಲೇನು? ಅದು ತುಕ್ಕು." ಅವರು ಮತ್ತೆ ತಂಬಿಗೆ ತುಂಬಿದರು. ಕಟ್ಟೆಯ ಕಡೆ ತಿರುಗಿ, "ಬಡಿಗ್ಯಾ, ಬಣ್ಣಾ ಹಚ್ಚಿದವ ನೀನ. ನೀನರ ಹೇಳೋ ತುಕ್ಕು ಅಂತ. ಹಿಡಿ, ಕುಡದು ತೋರಸು," ಎಂದರು.

ಅಜ್ಜ ಮುಂದೆ ಬಂದು ಟವೆಲಿನೊಳಗಿಂದ ಬಲಗೈ ತೆಗೆದು ಚಾಚಿದ. ಕೈ ಜೋತೇ ಇತ್ತು. ಗೌಡರು ತಂಬಿಗೆ ಹಿಡಿದಿದ್ದರು, ಅಜ್ಜ ಕೈ ಚಾಚಿದ್ದ, ತಂಬಿಗೆ ಕೈಗೆ ಸೇರಲಿಲ್ಲ.

"ಕುಡಿತೇನಿ ಯಪ್ಪಾ," ಎಂದ ಅಜ್ಜ. "ನನ್ನದೇನು, ಬಿದ್ದ ಕೈ. ನೀನ ಹಿಡದು ಕುಡಿಸಬೇಕು ಅಷ್ಟ. ಆದ್ರ ತುಕ್ಕಂತ ಹೇಳಂಗಿಲ್ಲ. ಅಂಗೈಲೇ ಒತ್ತಿ ಒಳಗ ಇಳಿಸಿದವ ನಾನ."

ಗೌಡರು ಆ ಕೈಯನ್ನು ನೋಡಿದರು. ಅದನ್ನು ಅವರು ಯುದ್ಧದ ಕಾಲದಿಂದಲೂ ನೋಡುತ್ತಿದ್ದರು, ಆದರೆ ಹಂಡೆಯ ಪಕ್ಕದಲ್ಲಿ ನೋಡಿರಲಿಲ್ಲ. ತಂಬಿಗೆಯಲ್ಲಿ ಇಣುಕಿದರು. ಆಮೇಲೆ ಅದನ್ನು ಕೆಳಗಿಟ್ಟು, "ಕತ್ತರಸು," ಎಂದರು.

ಮೊದಲ ಕಂಠ ಬಿಚ್ಚಿದಾಗ ಎಲ್ಲರೂ ಬಗ್ಗಿ ನೋಡಿದರು. ಮಡಿಕೆಯೊಳಗೆ ಗಾಳಿ ಆಡದ ಕಡೆ ಸಿಂಧೂರ ಇನ್ನೂ ಹಸಿಯಾಗಿತ್ತು, ಈಗಷ್ಟೇ ಅರೆದಿಟ್ಟಂತೆ ಹೊಳೆಯಿತು. ನಕ್ಕವನು ಯಾರೆಂದು ನನಗೆ ಗೊತ್ತಾಗಲಿಲ್ಲ, ಆಮೇಲೆ ಯಾರೂ ನಗಲಿಲ್ಲ.

ಹೊಸ ತಾಮ್ರ ಸಿಗುವ ಕಾಲವಲ್ಲ. ಹಂಡೆಯ ಮೈಯನ್ನೇ ನಾಲ್ಕು ಬೆರಳು ಇಳಿಸಿ ಹೊಸ ಕಂಠ ಮಡಿಸಿದೆ. ಹಂಡೆಗಳು ಅಷ್ಟರಮಟ್ಟಿಗೆ ಗಿಡ್ಡವಾದವು. ಬಳೆಗಳನ್ನು ಕ್ಷಾರದಲ್ಲಿ ನೆನೆಹಾಕಿ, ತಿಕ್ಕಿ, ಬರಿ ಕಬ್ಬಿಣ ಕಾಣುವವರೆಗೆ ಬಿಡಲಿಲ್ಲ. ಕತ್ತರಿಸಿದ ಅಂಚುಗಳನ್ನು ತಗ್ಗಿಗೆ ಹಾಕುವ ಮೊದಲು ಗೌಡರು ತಂದೆಯ ಹೆಸರಿದ್ದ ತುಂಡನ್ನು ಇಕ್ಕಳದಲ್ಲಿ ಹಿಡಿಸಿ ಒಮ್ಮೆ ಓದಿದರು. ಮನೆಗೆ ಒಯ್ಯಲೇ ಎಂದು ಕೇಳಿದರು. ಬೇಡ ಎಂದೆ. ತಾವೇ ಮಣ್ಣು ಎಳೆದರು.

ಮದುವೆಗೆ ಎರಡು ದಿನ ಇರುವಾಗ ಮತ್ತೆ ನೀರು ಕುದಿಯಿತು. ಐದು ಹಂಡೆಯದನ್ನೂ ಒಂದೊಂದು ತಂಬಿಗೆ ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿದೆ. ಬಟ್ಟೆಯ ಮೇಲೆ ಹುಣಸೆಯ ನಾರು ಬಿಟ್ಟು ಬೇರೇನೂ ಇರಲಿಲ್ಲ. ಕುಡಿದೆ. ಏಳು ಊರಿನ ಜನ ಉಂಡರು. ಹಂಡೆ ಗಿಡ್ಡವಾದದ್ದರಿಂದ ಕೊನೆಯ ಪಂಕ್ತಿಗೆ ಹುಗ್ಗಿ ಕಡಿಮೆ ಬಿತ್ತು ಎಂದು ಬೀಗರು ಗೊಣಗಿದರಂತೆ. ಅದು ನಾನು ಕೇಳಿದ್ದು, ಕಂಡದ್ದಲ್ಲ.

ಹೆಸರನ್ನು ಮತ್ತೆ ಕೊರೆಸಬೇಕೆಂದು ದೈವದವರು ಅಂದರು. ಪೇಟೆಯಲ್ಲಿ ಕೊರೆಯುವವರು ಇನ್ನೂ ಇಬ್ಬರಿದ್ದರು, ಅವರ ಅಂಗಡಿ ಎಲ್ಲಿದೆ ಎಂದು ನಾನೇ ಹೇಳಿದೆ. ಗೌಡರು ಒಪ್ಪಲಿಲ್ಲ. "ಯಾರ ಕೈ ಹೋತೋ ಅವನ ಕೈಲೇ ಬರಸ್ತೀವಿ. ಕೈ ಬರೂತನಾ ಖಾಲಿ ಇರ್ಲಿ," ಎಂದರು.

ತಮ್ಮನ ಬೆರಳುಗಳಿಗೆ ಮಳೆಗಾಲದಲ್ಲಿ ಸ್ವಲ್ಪ ಜೀವ ಬಂತು, ಸುಗ್ಗಿಯ ಹೊತ್ತಿಗೆ ಮಣಿಕಟ್ಟು ಅರ್ಧ ಎದ್ದಿತು. ಅಕ್ಷರದ ಬಾಗು ತಿರುಗಿಸಲು ಆಗುತ್ತಿರಲಿಲ್ಲ. ಮರುವರ್ಷ ಆ ಹಳ್ಳಿಗೆ ಕಲಾಯಿಗೆ ಹೋದಾಗ ನನ್ನ ಸಂಗಡ ಬಂದ. ಕೇಳದೆಯೇ ಒಂದು ಹಂಡೆಯ ಕಂಠವನ್ನು ಮೊಣಕಾಲ ನಡುವೆ ಒತ್ತಿಕೊಂಡು ಉಳಿ ಹಿಡಿದ. ಹೆಸರು ಕೊರೆಯುವ ಮೊದಲು ಅಕ್ಷರ ಕೂರಲು ಒಂದು ಗೆರೆ ಎಳೆಯುತ್ತಾರೆ, ಮೊದಲಾಗಿದ್ದರೆ ಅದು ಅವನಿಗೆ ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಆವತ್ತು ಬೆಳಿಗ್ಗೆಯಿಂದ ಸಂಜೆಯವರೆಗೆ ಬೇಕಾಯಿತು. ನಾನು ನೆರವಿಗೆ ಹೋಗಲಿಲ್ಲ.

ಗೌಡರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಸೊಟ್ಟ ಬಂದದ್ರಿ ಗೌಡ್ರ," ಎಂದ ತಮ್ಮ.

ಗೌಡರು ಆ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದರು.

"ಇರ್ಲಿ ಬಿಡೋ," ಎಂದರು. "ಹೆಸರು ಮುಂದಿನ ವರ್ಷ ನೋಡೂಣು."